ಹೆಂಡತಿಯನ್ನು ಹೊರಗೆ ಕಳಿಸಿದ ಮೇಡಂ

ಮಾತು ಹೋದವರಿಗೆ ಮಾತಾಡುವ ಯಂತ್ರ ಕೊಡಿಸುವ ಕ್ಷೇತ್ರದಲ್ಲಿ ಕರುಣೆಯಿಂದ ಹೆಸರಾದವರಿದ್ದಾರೆ, ವಿದ್ವತ್ತಿನಿಂದ ಹೆಸರಾದವರಿದ್ದಾರೆ. ಬರೀ ಅನುಮಾನದಿಂದ ಹೆಸರಾಗಿ, ಆ ಅನುಮಾನಕ್ಕಾಗಿಯೇ ನಿವೃತ್ತಿಯ ಹೊತ್ತಿನಲ್ಲಿ ಗೌರವಗ್ರಂಥ ಪಡೆಯುತ್ತಿರುವವರು ನಮ್ಮ ಸ್ಪೀಚ್ ಥೆರಪಿಸ್ಟ್ ಮೇಡಂ ಒಬ್ಬರೇ ಇರಬೇಕು. ಯಾರಾದರೂ ‘ಗುಡ್ ಮಾರ್ನಿಂಗ್’ ಎಂದರೆ ಅವರು ಕಿಟಕಿಯಾಚೆ ಒಮ್ಮೆ ನೋಡಿ, ಬೆಳಗಾಗಿದೆಯೆಂದು ಖಚಿತವಾದ ಮೇಲೆಯೇ ಉತ್ತರಿಸುತ್ತಾರೆಂದು ಆಸ್ಪತ್ರೆಯ ಕ್ಯಾಂಟೀನಿನಲ್ಲಿ ನಗುವವರು ನಗಲಿ. ಆ ಅನುಮಾನ ಇಲ್ಲದಿದ್ದರೆ ಎಷ್ಟೋ ಮನೆಗಳಲ್ಲಿ ಇವತ್ತಿಗೂ ಒಬ್ಬರು ಸುಮ್ಮನೆ ಕೂತಿರುತ್ತಿದ್ದರು, ಇನ್ನೊಬ್ಬರು ಅವರ ಪರವಾಗಿ ತಪ್ಪುತಪ್ಪಾಗಿ ಮಾತಾಡುತ್ತಿದ್ದರು.

ಅವರು ಸೇವೆಗೆ ಸೇರಿದ ಕಾಲಕ್ಕೆ ಈ ವಿಭಾಗವೆಂದರೆ ಎಕ್ಸ್-ರೇ ಕೋಣೆಯ ಹಿಂದೆ, ಮುರಿದ ಸ್ಟ್ರೆಚರ್‌ಗಳನ್ನು ಒಟ್ಟಿದ್ದ ಒಂದು ಮೂಲೆ. ಯಂತ್ರವೋ ಸಾಮಾನ್ಯ ಸಂಸಾರದ ಕೈಗೆಟುಕುವಂಥದ್ದಲ್ಲ. ನೆರವಿನ ನಿಧಿಯ ಕಚೇರಿ ಕೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ. ಆ ಕಚೇರಿ ತಜ್ಞರ ವರದಿ ಬಾರದೆ ಕದಲುವುದಿಲ್ಲ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಯಂತ್ರ ಮಾರುವವನೊಬ್ಬ ನಗುನಗುತ್ತಾ ಬಂದು, ಟೈಪು ಮಾಡಿಸಿ ತಂದ ವರದಿಯನ್ನು ಅವರ ಮೇಜಿನ ಮೇಲಿಟ್ಟು, “ನೀವು ಸೈನ್ ಹಾಕಿದ್ರೆ ಆಯ್ತು ಮೇಡಂ” ಎಂದನಂತೆ. “ಪೇಶೆಂಟೇ ಇನ್ನೂ ಬಂದಿಲ್ಲ, ಅವರ ರಿಪೋರ್ಟ್ ಹೇಗ್ರೀ ಬಂತು?” ಎಂದು ಕೇಳಿ ಮೇಡಂ ಅವನಿಗೆ ಬಾಗಿಲು ತೋರಿಸಿದರು. ಅಂದಿನಿಂದ ಅವರದೇ ಒಂದು ಪದ್ಧತಿ ಬೆಳೆಯಿತು. ರೋಗಿಯನ್ನು ಅವರ ಮನೆಗೇ ಹೋಗಿ ನೋಡಬೇಕು, ಅಗ್ಗದ ದಾರಿ ಇದ್ದರೆ ಅದನ್ನೇ ಮೊದಲು ಪರೀಕ್ಷಿಸಬೇಕು, ಬರೆದ ವರದಿಯನ್ನು ಕಳಿಸುವ ಮುನ್ನ ಮನೆಯವರೆದುರು ಗಟ್ಟಿಯಾಗಿ ಓದಬೇಕು. ವಿಭಾಗಕ್ಕಿದ್ದ ಒಂದೇ ಯಂತ್ರ ಕಪಾಟಿನಲ್ಲಿ ಭದ್ರವಾಗಿರಲೆಂದು ಮೇಲಿನವರು ಆಜ್ಞೆ ಮಾಡಿದಾಗ, ಅದನ್ನು ತಮ್ಮ ಊಟದ ಚೀಲದಲ್ಲಿ ಹಾಕಿಕೊಂಡು ಮನೆಮನೆಗೆ ಒಯ್ದವರೂ ಅವರೇ.

ಈ ಕೀರ್ತಿಯೆಲ್ಲ ಊರಿನ ಬೀಗ ರಿಪೇರಿಯವರೊಬ್ಬರ ಹೆಂಡತಿಗೆ ಗೊತ್ತಿರಲಿಲ್ಲ. ಗೊತ್ತಿದ್ದರೂ ಆಕೆ ನಂಬುತ್ತಿರಲಿಲ್ಲ, ಅದು ಬೇರೆ ಮಾತು. ಆಕೆಯ ಗಂಡನಿಗೆ ಲಕ್ವ ಹೊಡೆದ ಮೇಲೆ ಬುದ್ಧಿ, ಓದು, ಸಿಟ್ಟು ಎಲ್ಲ ನೆಟ್ಟಗೆ ಉಳಿದಿದ್ದವು. ನಾಲಗೆ ಏಳುತ್ತಿರಲಿಲ್ಲ, ಬಲಗೈ ಸ್ವಾಧೀನ ತಪ್ಪಿತ್ತು, ಎಡಗೈ ನಡುಗುತ್ತಿತ್ತು. ಬೇರೊಂದು ಕ್ಲಿನಿಕ್ಕಿನ ವರದಿಯೊಡನೆ ಹೋದ ಮೊದಲ ಅರ್ಜಿ ‘ಅಗತ್ಯ ಸಾಬೀತಾಗಿಲ್ಲ’ ಎಂಬ ಒಂದೇ ಸಾಲಿನೊಂದಿಗೆ ಮರಳಿತ್ತು. ಎರಡನೆಯ ಅರ್ಜಿಗೆ ವರದಿ ಬರೆಯಬೇಕಾದವರು ಮೇಡಂ, ಆ ಅರ್ಜಿಯೇ ಕೊನೆಯದು. ಅದೂ ಮರಳಿದರೆ ಆ ಮನುಷ್ಯ ಬದುಕಿರುವ ತನಕ ಹೂಂ ಹೂಂ ಎಂದುಕೊಂಡೇ ಇರಬೇಕು. ಪಕ್ಕದ ಮನೆಯ ಅಕ್ಕ ಬೇರೆ ಬಂದು ಕಿವಿ ಊದಿದ್ದಳು: “ಆ ಮೇಡಂ ಆಫೀಸಿನವರ ಕಡೆಯವರಂತೆ ಕಣೇ. ಬೇಡ ಅನ್ನೋಕೆ ಏನಾದ್ರೂ ಸಿಗುತ್ತಾ ಅಂತ ಮನೆಯೆಲ್ಲ ಕಣ್ಣಾಡಿಸ್ತಾರಂತೆ.”

ಹಾಗಾಗಿ ಮೇಡಂ ಬರುವ ದಿನ ಆಕೆ ನೆಲ ಒರೆಸಿ, ಗಂಡನಿಗೆ ಗಡ್ಡ ಹೆರೆದು, ಇಸ್ತ್ರಿ ಮಾಡಿದ ಅಂಗಿ ತೊಡಿಸಿ, ಯಾರೂ ಬೆರಳು ತೋರಿಸದಂತೆ ಕೂರಿಸಿದ್ದಳು. ಮೇಡಂ ಒಳಗೆ ಬಂದವರೇ ನಿಜಕ್ಕೂ ಕಣ್ಣಾಡಿಸಿದರು. ಹಾಸಿಗೆ, ಕುರ್ಚಿ, ಕಿಟಕಿ, ಬಾಗಿಲು ಎಲ್ಲ ನೋಡಿದರು. ನೋಡಿದೆಯಾ, ಅಕ್ಕ ಹೇಳಿದ್ದು ಸುಳ್ಳಲ್ಲ ಎಂದುಕೊಂಡಳು ಆಕೆ.

“ರಾತ್ರಿ ನಿದ್ದೆ ಬರುತ್ತಾ?” ಎಂದು ಮೇಡಂ ಗಂಡನನ್ನು ಕೇಳಿದರು.

“ಬರುತ್ತೆ ಮೇಡಂ, ಚೆನ್ನಾಗೇ ಬರುತ್ತೆ” ಎಂದಳು ಹೆಂಡತಿ.

“ನಾನು ಅವರನ್ನ ಕೇಳಿದ್ದು.”

“ಅವ್ರೂ ಅದನ್ನೇ ಹೇಳೋದು ಮೇಡಂ. ನಂಗೆ ಅವ್ರ ಮುಖ ನೋಡಿದ್ರೇ ಎಲ್ಲ ಗೊತ್ತಾಗುತ್ತೆ.”

“ಹೌದಾ? ಹಾಗಾದ್ರೆ ಸ್ವಲ್ಪ ಹೊತ್ತು ಹೊರಗೆ ಇರ್ತೀರಾ?”

ತನ್ನ ಮನೆಯಿಂದ ತನ್ನನ್ನೇ ಹೊರಗೆ ಹಾಕುವ ಈಕೆ ಯಾರು ಎಂದು ಕುದಿಯುತ್ತಾ ಆಕೆ ಮೆಟ್ಟಿಲ ಬಳಿ ಹೋಗಿ, ಹೋದ ಹಾಗೆ ಮಾಡಿ ತಿರುಗಿ ಬಂದು ಬಾಗಿಲಿಗೆ ಕಿವಿ ಇಟ್ಟಳು. ಏನು ಕೇಳುತ್ತಿರಬಹುದು? ಹೆಂಡತಿ ಹೊಡೆಯುತ್ತಾಳಾ, ಊಟ ಹಾಕುತ್ತಾಳಾ ಅಂತಲೇ? ಒಳಗೆ ಬಹಳ ಹೊತ್ತು ಸದ್ದೇ ಇಲ್ಲ. ಆಮೇಲೆ ಯಾರೋ ಅಪರಿಚಿತ ಗಂಡಸು ಮಾತಾಡಿದ. ಅಯ್ಯೋ ದೇವರೇ, ಇವನು ಯಾವನು, ಎಲ್ಲಿಂದ ನುಗ್ಗಿದ ಎಂದು ಆಕೆ ಗಾಬರಿಯಾಗುವಷ್ಟರಲ್ಲಿ ಆ ದನಿ ಮತ್ತೊಮ್ಮೆ, ಅಷ್ಟೇ ನಿಧಾನವಾಗಿ ಹೇಳಿತು: “ಅವಳು ಬಾಗಿಲಿಗೆ ಕಿವಿ ಇಟ್ಟು ನಿಂತಿದ್ದಾಳೆ.”

ಅದು ಊಟದ ಚೀಲದಲ್ಲಿ ಬಂದಿದ್ದ ಯಂತ್ರದ ದನಿ. ಕೀಲಿ ಒತ್ತಿ ಹೇಳಿಸಿದ ಮಾತು ಮಾತ್ರ ಗಂಡನದೇ. ಹೆಂಡತಿಗೆ ನಾಚಿಕೆ, ಸಿಟ್ಟು, ಅಳು ಮೂರೂ ಒಟ್ಟಿಗೆ ಬಂದವು.

ಮೇಡಂ ಅಷ್ಟಕ್ಕೇ ಯಂತ್ರವನ್ನೂ ನಂಬಿಬಿಡಲಿಲ್ಲ. ಅಕ್ಷರದ ಹಲಗೆ ಕೊಟ್ಟು ನೋಡಿದರು, ಮೊಬೈಲು ಕೊಟ್ಟು ನೋಡಿದರು. ಹಲಗೆಯಲ್ಲಿ ಬೆರಳು ನಿಂತದ್ದು ಯಾವ ಅಕ್ಷರದ ಮೇಲೆಂದೇ ತಿಳಿಯದು. ಮೊಬೈಲಿನಲ್ಲಿ ನಡುಗುವ ಬೆರಳು ಒಂದಕ್ಕೆ ನಾಲ್ಕು ಒತ್ತುತ್ತಿತ್ತು. ಕೀಲಿಗಳ ಮೇಲೆ ತೂತು ಕೊರೆದ ಫಲಕವಿದ್ದ ಈ ಯಂತ್ರದಲ್ಲಿ ಮಾತ್ರ ಬೆರಳು ತೂತಿಗೆ ಸಿಕ್ಕಿ ನಿಲ್ಲುತ್ತಿತ್ತು. ಕಚೇರಿಯವರು ಏನೇನು ಕೇಳಬಹುದೋ ಅದನ್ನೆಲ್ಲ ತಾವೇ ಮೊದಲು ಕೇಳಿಕೊಂಡು, ಕೊನೆಗೆ ವರದಿ ಬರೆದು ತಂದು ದಂಪತಿಗಳೆದುರು ಓದಿದರು.

“ಪತ್ನಿ ಅತ್ಯಂತ ಅಕ್ಕರೆಯಿಂದ ನೋಡಿಕೊಳ್ಳುತ್ತಾರೆ. ಆದರೆ ಇವರ ಮನಸ್ಸಿನಲ್ಲಿರುವುದು ಅವರಿಗೂ ತಿಳಿಯುವುದಿಲ್ಲ. ಪ್ರತಿ ಮಧ್ಯಾಹ್ನ ಇವರು ಕಿಟಕಿಯತ್ತ ಕೈಮಾಡಿ ಕೂಗುತ್ತಾರೆ. ಗಾಳಿ ಬೇಕೆಂದು ತಿಳಿದು ಪತ್ನಿ ಕಿಟಕಿ ತೆರೆಯುತ್ತಾರೆ. ಕೆಳಗಿನ ಗೇಟಿನ ಚಿಲಕದ ಕರಕರ ಸದ್ದು ತಾಳಲಾಗುತ್ತಿಲ್ಲ, ಅದಕ್ಕೆ ಎಣ್ಣೆ ಹಾಕಿ ಎಂಬುದು ಇವರು ಹೇಳಬೇಕೆಂದಿದ್ದ ಮಾತು.”

ಹೆಂಡತಿ ಎದ್ದು ನಿಂತಳು. “ಗಂಡನ ಮನಸ್ಸು ಹೆಂಡ್ತಿಗೆ ಗೊತ್ತಾಗಲ್ಲ ಅಂತ ಊರಿಗೆಲ್ಲ ಬರೆದು ಕಳಿಸ್ತೀರಾ? ನೀವು ಆ ಆಫೀಸಿನವರ ಕಡೆಯವರೇ, ನಂಗೆ ಮೊದಲೇ ಅನುಮಾನ ಇತ್ತು!”

“ಹಳೇ ರಿಪೋರ್ಟಲ್ಲಿ ‘ಪತ್ನಿಗೆ ಎಲ್ಲವೂ ಅರ್ಥವಾಗುತ್ತದೆ’ ಅಂತ ಇದೆ. ಅದು ನೀವು ಹೇಳಿದ ಮಾತೇ ತಾನೇ? ಎಲ್ಲ ಅರ್ಥವಾಗೋ ಮನೆಗೆ ಯಂತ್ರ ಯಾಕೆ ಅಂತ ಅವರು ಕೈಬಿಟ್ರು.”

ಆಕೆ ಗಂಡನ ಮುಖ ನೋಡಿದಳು. ಆತ ಕಿಟಕಿಯ ಕಡೆ ನೋಡುತ್ತಿದ್ದ. ಆ ಮುಖದಲ್ಲಿ ಏನಿದೆಯೆಂದು ಅವತ್ತು ಆಕೆಗೆ ಹೊಳೆಯಲಿಲ್ಲ, ಹೊಳೆಯಿತೆಂದುಕೊಳ್ಳುವ ಧೈರ್ಯವೂ ಆಗಲಿಲ್ಲ. ಮೇಡಂ ಹೋದ ಮೇಲೆ ಅಡುಗೆಮನೆಯಿಂದ ಎಣ್ಣೆಯ ಬಾಟಲಿ ತೆಗೆದುಕೊಂಡು ಕೆಳಗಿಳಿದು, ಚಿಲಕಕ್ಕೆ ಎಣ್ಣೆ ಬಿಟ್ಟು, ಸದ್ದು ಅಡಗುವ ತನಕ ಎಳೆದು ತಳ್ಳಿ ಬಂದಳು.

ಕೆಲವು ವಾರಗಳ ನಂತರ ನಿಧಿಯ ಕಚೇರಿಯಿಂದ ಫೋನು ಬಂತು. ಅಧಿಕಾರಿಯ ದನಿ ಬೆಣ್ಣೆಯಂತಿತ್ತು, ಅದಕ್ಕೇ ಆಕೆಗೆ ಅನುಮಾನ ಬಂತು. “ಇಷ್ಟು ವರ್ಷ ಸಂಸಾರ ಮಾಡಿದ್ದೀರಿ. ಮಾತಿಲ್ಲದಿದ್ರೂ ಅವರಿಗೆ ಏನು ಬೇಕು ಅಂತ ನಿಮಗೆ ಗೊತ್ತಾಗುತ್ತಲ್ವಾಮ್ಮಾ?”

ಹೌದೆಂದರೆ ಮರ್ಯಾದೆ ಉಳಿಯುತ್ತಿತ್ತು. ಎದುರಿಗೆ ಗಂಡ ಕೂತಿದ್ದ, ಎಲ್ಲ ಕೇಳಿಸಿಕೊಳ್ಳುತ್ತಿದ್ದ.

“ಇಲ್ಲ ಸಾರ್,” ಎಂದಳು ಆಕೆ. “ನಂಗೆ ಗೊತ್ತಾಗಲ್ಲ. ಗೊತ್ತಾಗುತ್ತೆ ಅಂದ್ಕೊಂಡಿದ್ದೆ.”

ಯಂತ್ರ ಮಂಜೂರಾಯಿತು. ಅದು ಬಂದ ದಿನ ಬೀಗ ರಿಪೇರಿಯವರು ಅದರಲ್ಲಿ ಮೊದಲು ಒತ್ತಿದ್ದು, “ನನಗೆ ಚಹಾಕ್ಕೆ ಇಷ್ಟು ಸಕ್ಕರೆ ಬೇಡ” ಎಂದು. ಹೆಂಡತಿ ಒಂದು ವಾರ ಮುನಿಸಿಕೊಂಡಿದ್ದಳು. ಆಮೇಲೆ ಇಬ್ಬರೂ ಚೆನ್ನಾಗಿ ಜಗಳವಾಡಲು ಕಲಿತರು.

ಈ ಗ್ರಂಥಕ್ಕೊಂದು ಹಾರೈಕೆ ಬೇಕೆಂದಾಗ ಆಕೆಯೇ ಗಂಡನನ್ನು ಕರೆದುಕೊಂಡು ಆಸ್ಪತ್ರೆಗೆ ಬಂದಳು. ಮೇಡಂ ಕನ್ನಡಕದ ಮೇಲಿಂದ ನೋಡಿ, “ಹಾರೈಕೆ ಅವರ ಮಾತೋ, ನೀವು ಹೇಳಿಕೊಟ್ಟಿದ್ದೋ?” ಎಂದರು. ನಿವೃತ್ತಿ ಹತ್ತಿರ ಬಂದರೂ ಬುದ್ಧಿ ಬಿಡಲಿಲ್ಲ, ನೋಡಿ! ಈ ಸಲ ಯಾರೂ ಕಳಿಸುವ ಮೊದಲೇ ಹೆಂಡತಿ ತಾನಾಗಿ ಎದ್ದು ಹೊರಗೆ ಹೋಗಿ ಬಾಗಿಲೆಳೆದುಕೊಂಡಳು.

ಬೀಗ ರಿಪೇರಿಯವರು ನಿಧಾನವಾಗಿ ಒತ್ತಿದರು. ಅವರು ಒತ್ತಿದ್ದನ್ನು, ಒಂದಕ್ಷರವೂ ತಿದ್ದದೆ, ಈ ಲೇಖನದ ಹಾರೈಕೆಯಾಗಿ ಇಲ್ಲಿ ಇಡಲಾಗಿದೆ:

“ಮೇಡಂ ನೂರು ವರ್ಷ ಇರಲಿ. ಅನುಮಾನ ಪಡುವುದನ್ನು ಬಿಡದಿರಲಿ. ಇನ್ನೂ ಎಷ್ಟೋ ಮನೆ ಬಾಕಿ ಇದೆ. ಅವಳು ಬಾಗಿಲಿಗೆ ಕಿವಿ ಇಟ್ಟು ನಿಂತಿದ್ದಾಳೆ. ಒಳಗೆ ಕರೀರಿ, ಅವಳಿಲ್ಲದೆ ನನಗೆ ಬೇಜಾರು.”