ಅತ್ತಿ ಮರದ ಕೆಳಗೆ ನಮ್ಮತ್ತೆ

ಕಳೆದ ವರ್ಷ ಬೇಸಿಗೆಯಲ್ಲಿ ಹುಣಸೂರಿನ ನಮ್ಮ ಬೀದಿಯ ಹೆಂಗಸರೆಲ್ಲ ಸೇರಿ ಮಿನಿ ಬಸ್ ಮಾಡಿಕೊಂಡು ಬೆಂಗಳೂರಿನ ರಾಜರ ಕಾಲದ ಸಸ್ಯತೋಟ ನೋಡಲು ಹೋಗಿದ್ದೆವು. ಸುಮ್ಮನೆ ಒಂದು ಸುತ್ತು ಹಾಕಿ ಬಂದಿದ್ದರೆ ಆಗುತ್ತಿತ್ತು. ಆದರೆ ಪಕ್ಕದ ಮನೆಯ ಸಾವಿತ್ರಿ, "ಗೈಡ್ ಜೊತೆ ನೋಡಿದ್ರೇನೇ ಕಣ್ರೇ ನೋಡ್ದಂಗೆ" ಎಂದು ಹಠ ಹಿಡಿದು ಟೂರ್ ಬುಕ್ ಮಾಡಿಸಿಬಿಟ್ಟಿದ್ದಳು.

ಅಂತರಸಂತೆಯಿಂದ ನಮ್ಮ ಅತ್ತೆಯೂ ಬಂದಿದ್ದರು. ಅವರಿಗೆ ಸಕ್ಕರೆ ಕಾಯಿಲೆ. ಬೆಳಿಗ್ಗೆ ಇನ್ಸುಲಿನ್ ತೆಗೆದುಕೊಂಡ ಮೇಲೆ ಹೊತ್ತಿಗೆ ಸರಿಯಾಗಿ ಊಟ ಬೀಳಲೇಬೇಕು. ಇಲ್ಲದಿದ್ದರೆ ಬೆವರಿ, ಕಣ್ಣು ಕತ್ತಲೆ ಬಂದು ಬಿದ್ದೇ ಬಿಡುತ್ತಾರೆ. ಊಟದ ಡಬ್ಬಿ ನನ್ನ ಬ್ಯಾಗಿನಲ್ಲಿತ್ತು.

ಗೈಡ್ ಒಬ್ಬ ಹುಡುಗಿ. ಸೊಂಟಕ್ಕೆ ಸ್ಪೀಕರ್ ಕಟ್ಟಿಕೊಂಡಿದ್ದಳು. ಒಂದೊಂದು ಮರದ ಮುಂದೆಯೂ ನಿಂತು, ಅದು ಯಾವ ದೇಶದ್ದು, ಯಾರು ತಂದು ನೆಟ್ಟರು ಅಂತ ಶುರುಮಾಡಿದರೆ ಮುಗಿಯುವ ಮಾತೇ ಇಲ್ಲ. ಊಟಕ್ಕೆ ಬಿಡಮ್ಮ ಅಂದರೆ "ಇನ್ನೊಂದೇ ಮರ ಮೇಡಂ" ಅನ್ನುವಳು. ಆ ಇನ್ನೊಂದು ಮರ ಮುಗಿಸಿ ತಿರುಗಿ ನೋಡಿದರೆ ಅತ್ತೆ ಇಲ್ಲ!

ಫೋನ್ ಮಾಡಿದೆ.

"ಅತ್ತಿ ಮರದ ತಾವ ಕೂತಿವ್ನಿ ಕಣವ್ವ, ಬಾ" ಅಂದವರೇ ಕಟ್ ಮಾಡಿದರು.

"ಅತ್ತಿ ಮರ ಎಲ್ಲಮ್ಮ ಇರೋದು?" ಎಂದು ಗೈಡನ್ನು ಕೇಳಿದೆ. ಕೆರೆಯ ಪಕ್ಕದಲ್ಲಿದೆಯಂತೆ. ಬಿಸಿಲಲ್ಲಿ ಏದುಸಿರು ಬಿಡುತ್ತಾ ಹೋದೆವು. ಮರದ ಬುಡದ ತುಂಬ ಹಣ್ಣು ಉದುರಿತ್ತು. ಅತ್ತೆ ಇರಲಿಲ್ಲ. ಮತ್ತೆ ಫೋನ್.

"ಅತ್ತೆ, ನಾವು ಅತ್ತಿ ಮರದ ಹತ್ರಾನೇ ಇದೀವಿ, ನೀವೆಲ್ಲಿ?"

"ನಾನೂ ಅಲ್ಲೇ ಇವ್ನಿ! ಕಣ್ಣು ಕಾಣಕ್ಕಿಲ್ವಾ ನಿಂಗೆ?"

ಮತ್ತೆ ಕಟ್. ಇನ್ನೊಂದು ಅತ್ತಿ ಮರ ತೋಟದ ಆ ತುದಿಯಲ್ಲಿದೆ ಎಂದಳು ಗೈಡ್. ಅಲ್ಲಿಗೂ ಹೋದೆವು. ಅಲ್ಲೂ ಇಲ್ಲ. ನನಗೆ ಅಳು, ಸಿಟ್ಟು ಎರಡೂ ಒಟ್ಟಿಗೇ ಬಂತು. ಊಟದ ಹೊತ್ತು ಮೀರಿಹೋಗಿತ್ತು. ಸಾವಿತ್ರಿ ಬೇರೆ, "ಅತ್ತೆ ಕಳ್ದೋದ್ರೆ ಇಷ್ಟೊಂದು ಹುಡುಕೋ ಸೊಸೇನ ನಾನು ಇವತ್ತೇ ನೋಡಿದ್ದು ಬುಡು" ಎಂದಳು. ಅವಳನ್ನು ವಾಪಸ್ ಎಳೆದುಕೊಂಡು ಹೋಗಿ ಆ ಕೆರೆಗೆ ತಳ್ಳಬೇಕು ಅನ್ನಿಸಿತು.

ಈ ಸಲ ಫೋನ್ ತೆಗೆದಾಗ ಅತ್ತೆಯ ದನಿ ತೊದಲುತ್ತಿತ್ತು.

"ಅತ್ತೆ, ಕಟ್ ಮಾಡ್ಬೇಡಿ! ಕೆಳಗೆ ಹಣ್ಣು ಬಿದ್ದಿದೆಯಾ?"

"ಅಣ್ಣಾ? ಅತ್ತಿ ಮರದಲ್ಲಿ ಯಾವ ಅಣ್ಣೇ? ಗಾಳೀಗೆ ಆರ್ಕೊಂಡು ಬಂದು ಮೂಗೊಳಿಕ್ಕೆ ಓಯ್ತಾ ಅದೆ..."

ಗಾಳಿಗೆ ಹಾರುವುದು! ಹತ್ತಿ! ನಮ್ಮತ್ತೆಯ ಬಾಯಲ್ಲಿ ಹುಟ್ಟಿದಾಗಿನಿಂದ 'ಹ' ಬಂದಿಲ್ಲ. ಮೂವತ್ತು ವರ್ಷದಿಂದ ಅವರ ಮಾತು ಕೇಳುತ್ತಿರುವ ನನಗೆ ಅದು ಹೊಳೆಯಲಿಲ್ಲ ನೋಡಿ.

"ಹತ್ತಿ ಮರಾನಾ? ಅದು ಬೂರುಗ ಮೇಡಂ! ಗೇಟಿನ ಹತ್ರ ಮೊದ್ಲೇ ತೋರ್ಸಿದ್ನಲ್ಲ" ಎಂದಳು ಗೈಡ್. ಹೇಳಿದವಳೇ ನನಗಿಂತ ಮುಂದೆ ಓಡಿದಳು.

ಮನೆಯಷ್ಟು ಅಗಲದ ಆ ಮರದ ಬೇರಿಗೆ ಒರಗಿ ಅತ್ತೆ ಕೂತಿದ್ದರು. ರವಿಕೆ ಬೆವರಿಗೆ ಒದ್ದೆ, ಕೈ ನಡುಗುತ್ತಿತ್ತು. ಮಡಿಲ ತುಂಬ ಉದುರಿದ ಹತ್ತಿ. ಬಾಳೆಹಣ್ಣು ಸುಲಿದು ಬಾಯಿಗಿಟ್ಟೆ. ಗೈಡ್ ತನ್ನ ಜ್ಯೂಸ್ ಕುಡಿಸಿದಳು. ಸ್ವಲ್ಪ ಹೊತ್ತಿಗೆ ಮುಖಕ್ಕೆ ಕಳೆ ಬಂತು. ನಾನು ಬಾಯಿಗೆ ಬಂದಂತೆ ಬೈದೆ.

"ಬೈಕೋ ಬುಡು. ನಿನ್ ಮಗಳು ಬಸ್ರಿ ಅಲ್ವಾ, ಕೂಸಿಗೆ ದಿಂಬು ಮಾಡವ ಅಂತ ಆಯ್ತಿದ್ದೆ ಕಣವ್ವ" ಎಂದರು.

"ಅಜ್ಜಿ, ಇಲ್ಲಿಂದ ಏನೂ ತಗೊಂಡು ಹೋಗಂಗಿಲ್ಲ" ಎಂದಳು ಗೈಡ್, ಮೆಲ್ಲಗೆ.

"ಕಿತ್ತಿಲ್ಲ ಕಣವ್ವ, ಉದುರಿದ್ದು."

ಆ ಹುಡುಗಿ ನನ್ನ ಮುಖ ನೋಡಿದಳು. ನಾನು ಅತ್ತೆಯ ಮಡಿಲಿನ ಹತ್ತಿಯನ್ನೆಲ್ಲ ಮರದ ಬುಡಕ್ಕೆ ಸುರಿದು, ಡಬ್ಬಿ ಬಿಚ್ಚಿದೆ. ವಾಪಸ್ ಬರುವಾಗ ಅತ್ತೆ ಮೈಸೂರು ದಾಟುವವರೆಗೂ ಬಸ್ಸಿನ ಕಿಟಕಿ ಕಡೆಗೇ ಮುಖ ತಿರುಗಿಸಿ ಕೂತಿದ್ದರು.

ಆವತ್ತಿನಿಂದ ಅವರು ಎಲ್ಲಿಗೇ ಹೋದರೂ ನಾನು ಜಾಗದ ಹೆಸರು ಕೇಳುವುದಿಲ್ಲ. ಸುತ್ತ ಏನೇನು ಕಾಣುತ್ತದೆ ಹೇಳಿ ಅನ್ನುತ್ತೇನೆ. ಮೊನ್ನೆ ಸಂತೆಯ ಗಲಾಟೆಯಲ್ಲಿ ತಪ್ಪಿಸಿಕೊಂಡಾಗಲೂ ಹಾಗೇ ಕೇಳಿದೆ.

"ಎಲ್ಲಾ ಕಾಣ್ತಾ ಅದೆ, ನೀನೊಬ್ಳು ಕಾಣ್ತಿಲ್ಲ. ಬಿರ್ರನೆ ಬಾ" ಎಂದರು.

ಬೈಯಬೇಕು ಅಂತಲೇ ಹೊರಟಿದ್ದೆ. ಎದುರಿಗೆ ಸಿಕ್ಕಾಗ ಬ್ಯಾಗಿನಿಂದ ಬಾಳೆಹಣ್ಣು ತೆಗೆದು, ಸುಲಿದು ಅವರ ಕೈಗಿಟ್ಟೆ.