ಸಮುದ್ರದ ಜೀವಿಗೆ ಗೋಕಾಕದ ಡಬ್ಬಿ

ಸಮುದ್ರವನ್ನು ನಾನಾಗ ಇನ್ನೂ ನೋಡಿರಲಿಲ್ಲ. ಆದರೂ ಅದರ ನೀರಿನಲ್ಲಿರುವ ಡಯಾಟಮ್ ಎಂಬ ಬರಿಗಣ್ಣಿಗೆ ಕಾಣದ ಜೀವಿಯ ಮಾಡೆಲ್ ಮಾಡಿ ತರಬೇಕು, ಸರಿಯಾಗಿದ್ದರೆ ಮುಂಬೈ ಕಾಲೇಜಿಗೆ ರೆಕಮೆಂಡೇಶನ್ ಲೆಟರ್ ಕೊಡುತ್ತೇನೆ ಎಂದಿದ್ದರು ಬೆಳಗಾವಿಯ ನಮ್ಮ ಪ್ರೊಫೆಸರು. ಲೆಟರ್ ಸಿಗದಿದ್ದರೆ ನನ್ನ ಸೈನ್ಸ್ ಅಲ್ಲಿಗೇ ಫಿನಿಶ್. ರಜೆಗೆ ಹುಕ್ಕೇರಿಯ ಮನೆಗೂ ಹೋಗದೆ ಗೋಕಾಕದ ಸೋದರತ್ತೆಯ ಮನೆಗೆ ಬಂದೆ. ಅವರ ಓಣಿಯಲ್ಲೇ ಮರದಲ್ಲಿ ಹಣ್ಣು-ಕಾಯಿಗಳ ಗೊಂಬೆ ಕೆತ್ತುವ ಮುದುಕರೊಬ್ಬರಿದ್ದರು.

ಅವರಿಗೆ ವಿವರಿಸಿದೆ. ಈ ಜೀವಿಯ ಚಿಪ್ಪೆಂದರೆ ಮುಚ್ಚಳವಿರುವ ಉದ್ದನೆಯ ಡಬ್ಬಿ. ಒಂದು ಜೀವಿ ಸೀಳಿ ಎರಡಾಗುವಾಗ ಮುಚ್ಚಳ ಒಬ್ಬರಿಗೆ, ತಳ ಇನ್ನೊಬ್ಬರಿಗೆ. ಉಳಿದರ್ಧವನ್ನು ಅವರವರೇ ಮಾಡಿಕೊಳ್ಳಬೇಕು.

ನಾಲ್ಕು ದಿನ ಬಿಟ್ಟು ಹೋದರೆ ಎಲ್ಲ ಡಬ್ಬಿಗಳೂ ಒಂದೇ ಅಳತೆ! ತಳಕ್ಕೆ ಅವರು ಹೊಸ ಮುಚ್ಚಳ ಕೆತ್ತಿಟ್ಟಿದ್ದರು.

"ಮುಚ್ಚಳ ಮಾಡಬಾರದ್ರಿ ಕಾಕಾ. ತಳಾನ ಮುಚ್ಚಳ ಆಗ್ತೈತಿ, ಅದರೊಳಗ ಕೂಡೂವಷ್ಟು ಸಣ್ಣ ತಳ ಮಾಡಬೇಕ್ರಿ."

"ಮುಚ್ಚಳ ಇಲ್ದ ಡಬ್ಬಿ ಕೊಟ್ರ ಮಂದಿ ನಗ್ತಾರ್ರಿ ಅಕ್ಕಾರ. ಹಿಂಗ ಸಣ್ಣ ಆಕ್ಕೋತ ಹೋದ್ರ ಕಡೀಕ ಏನ್ ಉಳೀತೈತಿ?"

ಜೀವಿಗಳು ಕೂಡುವ ಪಾಠ ಬಂದಾಗ ನಾನು ಓದಿದ ಕಾನ್ವೆಂಟಿನ ಸಿಸ್ಟರುಗಳು "ನೆಕ್ಸ್ಟ್ ಪೇಜ್" ಎನ್ನುತ್ತಿದ್ದರು. ನನಗೆ ಆ ಸೌಕರ್ಯವಿರಲಿಲ್ಲ. ನೆಲ ನೋಡುತ್ತ ಹೇಳಿದೆ: "ಭಾಳ ಸಣ್ಣ ಆದ ಮ್ಯಾಲ ಎರಡು ಬಾಜೂ ಬಾಜೂ ಬರ್ತಾವ್ರಿ. ಚಿಪ್ಪು ಕಳಚಿ, ಒಳಗಿನ ಜೀವ ಕೂಡಿ ಒಂದ ಆಗ್ತೈತಿ. ಅದು ಉಬ್ಬಿ, ಅದರೊಳಗ ಮೊದಲಿನಷ್ಟ ದೊಡ್ಡ ಡಬ್ಬಿ ಹುಟ್ಟತೈತಿ."

ಬಣ್ಣ ಅರೆಯುತ್ತಿದ್ದ ಅವರ ಹೆಂಡತಿ ನಕ್ಕೇಬಿಟ್ಟರು. "ಲಗ್ನ ಅನ್ನ ನಮ್ಮವ್ವ, ಇಷ್ಟ್ಯಾಕ ಸುತ್ತಾಡತಿ? ನಮ್ಮವರು ನೋಡು, ಲಗ್ನ ಆದ ಮ್ಯಾಲ ಸಣ್ಣ ಆಗ್ಯಾರ!"

"ನಿನ್ನ ಕೈಯಾಗಿನ ರೊಟ್ಟಿ ತಿಂದು," ಎಂದರು ಮುದುಕರು.

ನಗುತ್ತಲೇ ಕೆಲಸ ಹಿಡಿದರು. ಡಬ್ಬಿಗಳು ಇಳಿಯುತ್ತ ಇಳಿಯುತ್ತ ಕೊನೆಯದು ಬೆಂಡೆಕಾಯಿಯಷ್ಟಾಯಿತು. ಆದರೆ ಉಬ್ಬಿದ್ದನ್ನು ಮಾಡಲು ಹೊತ್ತಿರಲಿಲ್ಲ, ಮರುದಿನವೇ ಕಾಲೇಜು. ಮುದುಕಿ ಬುಟ್ಟಿಯಿಂದ ಬಣ್ಣ ಬಳಿಯದ ಮರದ ಸೌತೆಕಾಯಿಯೊಂದನ್ನು ತೆಗೆದುಕೊಟ್ಟರು. "ಉಬ್ಬಿದ್ದು ಇದ ಅನ್ನು, ಹೋಗು."

ಪ್ರೊಫೆಸರು ಡಬ್ಬಿಗಳನ್ನು ಒಂದೊಂದಾಗಿ ತೆರೆದು ಮುಚ್ಚಿ "ಬ್ಯೂಟಿಫುಲ್" ಎಂದರು. ಆಮೇಲೆ ಸೌತೆಕಾಯಿ ಎತ್ತಿಕೊಂಡರು.

"ಇದರೊಳಗೆ ಹುಟ್ಟುವ ದೊಡ್ಡ ಡಬ್ಬಿ ಎಲ್ಲಿ?"

"ಒಳಗಿದೆ, ಸರ್. ಒಡೆದರೆ ಕಾಣುತ್ತದೆ."

ಅವರು ಅದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ಗಟ್ಟಿ ಮರ, ಏನು ಸದ್ದಾದೀತು? ನನ್ನ ಮುಖವನ್ನೊಮ್ಮೆ ನೋಡಿ, "ಒಡೆಯುವುದು ಬೇಡ" ಎಂದು ಪೆನ್ನು ತೆಗೆದರು.

ಆ ಲೆಟರ್ ಹಿಡಿದು ಮುಂಬೈಗೆ ಹೋದೆ. ಅವರಿಗೆ ಗೊತ್ತಾಗಿತ್ತೋ ಇಲ್ಲವೋ, ಕೇಳುವ ಧೈರ್ಯ ನನಗೆ ಬರಲೇ ಇಲ್ಲ. ಈಗ ಕೇಳೋಣವೆಂದರೆ ಅವರಿಲ್ಲ.