ಬಿದ್ದವನು ಏಳುವ ತನಕ

ಉಗಾರ ಖುರ್ದದ ಜನ ಜ್ಞಾನದೇವ ಕಾಂಬಳೆಯನ್ನು ವಸ್ತಾದ ಎಂದು ಕರೆಯುತ್ತಿದ್ದರು. ಅವನಿಗೆ ಅದು ಸೇರುತ್ತಿರಲಿಲ್ಲ. ವಸ್ತಾದ ಅಂದರೆ ಕುಸ್ತಿ ಕಲಿಸುವವನು, ತಾನು ಕಲಿಸುವುದು ಬಾಕ್ಸಿಂಗ್ ಎಂದು ಎಷ್ಟು ಸಲ ಹೇಳಿದರೂ ಊರಿಗೆ ಅದರ ಫರಕು ತಿಳಿಯಲಿಲ್ಲ. ಕೃಷ್ಣೆಯ ಈ ದಂಡೆಯಲ್ಲಿ ತಾಲೀಮು ಅಂದರೆ ಕೆಂಪು ಮಣ್ಣು, ಲಂಗೋಟಿ, ಪಟ್ಟು. ಕೈಗೆ ಗ್ಲೌಸು ತೊಟ್ಟು ಒಬ್ಬರ ಮುಖಕ್ಕೆ ಒಬ್ಬರು ಗುದ್ದುವುದನ್ನು ಆಟ ಎಂದು ಒಪ್ಪಿಕೊಳ್ಳಲು ಯಾರೂ ತಯಾರಿರಲಿಲ್ಲ.

ಟೀವಿ ಅಂಗಡಿಯ ಶ್ರೀಪಾಲ ಅವನ ಶಾಲೆಯ ಗೆಳೆಯ. ಅವನೂ ಅದನ್ನೇ ಅನ್ನುತ್ತಿದ್ದ.

"ಹಿಡಿಯಾಂಗಿಲ್ಲ, ಕೆಡವಾಂಗಿಲ್ಲ, ಬರೇ ಗುದ್ದೂದು. ಇದೆಂಥಾ ಆಟನೋ ಮಾರಾಯಾ?"

"ನೋಡ್ತಾ ನೋಡ್ತಾ ತಿಳೀತೈತಿ," ಅನ್ನುತ್ತಿದ್ದ ಜ್ಞಾನದೇವ.

ಸೈನ್ಯದಿಂದ ನಿವೃತ್ತನಾಗಿ ಅವನು ಊರಿಗೆ ಬಂದದ್ದು ಎರಡು ಸಾವಿರದ ಎರಡರಲ್ಲಿ. ಸಕ್ಕರೆ ಕಾರ್ಖಾನೆಯ ಗೇಟಿನಲ್ಲಿ ಕಾವಲು ಕೆಲಸ ಸಿಕ್ಕಿತು. ಬುದ್ಧ ವಿಹಾರದ ಹಿಂದೆ ಖಾಲಿ ಬಿದ್ದಿದ್ದ ತಗಡಿನ ಶೆಡ್ಡನ್ನು ಹಿರಿಯರನ್ನು ಕೇಳಿ ಪಡೆದುಕೊಂಡ. ಹೆಂಡತಿ ಸುಂದ್ರವ್ವ ಸಕ್ಕರೆ ಚೀಲಗಳನ್ನು ಒಂದರೊಳಗೊಂದು ಹಾಕಿ ಹೊಲಿದುಕೊಟ್ಟಳು. ಅದರಲ್ಲಿ ಹಳೆ ಅರಿವೆ, ಕಟ್ಟಿಗೆ ಹೊಟ್ಟು ತುಂಬಿ ತೊಲೆಗೆ ತೂಗುಹಾಕಿದ. ನೆಲದಲ್ಲಿ ನಾಲ್ಕು ಕಬ್ಬಿಣದ ಪೈಪು ಹುಗಿದು ಹಗ್ಗ ಕಟ್ಟಿದ. ಅದೇ ಅವನ ರಿಂಗು.

ಕಲಿಯಲು ಬಂದ ಹುಡುಗರಿಗೆ ಅವನು ಮೊದಲ ದಿನ ಗುದ್ದುವುದನ್ನು ಹೇಳಿಕೊಡುತ್ತಿರಲಿಲ್ಲ. ನಿಲ್ಲಿಸುವುದನ್ನು ಹೇಳಿಕೊಡುತ್ತಿದ್ದ.

"ಎದುರಿನಾಂವ ಬಿದ್ದಾ ಅಂದ್ರ ನಿನ್ನ ಕೈ ಕೆಳಗ. ಹಿಂದ ಸರಿದು ಆ ಮೂಲ್ಯಾಗ ಹೋಗಿ ನಿಂದ್ರಬೇಕು. ಅಂವ ಎದ್ರ ಆಟ. ಏಳಲಿಲ್ಲಂದ್ರ ಮುಗೀತು. ಬಿದ್ದಾಂವನ ಮ್ಯಾಲ ಕೈ ಮಾಡಿದಾಂವ ನಾಳಿಂದ ಇಲ್ಲಿ ಬರೂದ ಬ್ಯಾಡ."

ಯಾಕೆ ಎಂದು ಯಾರೂ ಕೇಳಲಿಲ್ಲ. ಕೇಳಿದ್ದರೂ ಅವನು ಹೇಳುತ್ತಿರಲಿಲ್ಲ. ಸಣ್ಣವನಿದ್ದಾಗ ಒಂದು ಕಬ್ಬಿನ ಸುಗ್ಗಿಯಲ್ಲಿ ಅವನ ಅಪ್ಪ ಗಾಡಿಯನ್ನು ಹಾದಿಯಿಂದ ಬೇಗ ಸರಿಸಲಿಲ್ಲವೆಂದು ಊರಿನ ದೊಡ್ಡ ಮನೆಯವರ ಕೈಯಲ್ಲಿ ಏಟು ತಿಂದಿದ್ದ. ಮೊದಲ ಹೊಡೆತಕ್ಕೇ ಅಪ್ಪ ನೆಲಕ್ಕೆ ಬಿದ್ದ. ಆಮೇಲೂ ಹೊಡೆಯುತ್ತಲೇ ಇದ್ದರು, ಕಾಲಿನಿಂದ. ಸುತ್ತ ನಿಂತ ಅಷ್ಟು ಜನರಲ್ಲಿ ಸಾಕು ಎಂದು ಒಬ್ಬನೂ ಅನ್ನಲಿಲ್ಲ. ಗಾಡಿಯ ಹಿಂದೆ ನಿಂತಿದ್ದ ಹುಡುಗನ ಮನಸ್ಸಿನಲ್ಲಿ ಉಳಿದದ್ದು ಆ ಮೊದಲ ಹೊಡೆತವಲ್ಲ, ನಂತರದವು. ಮುಂದೆ ಸೈನ್ಯದಲ್ಲಿ ಮೊದಲ ಸಲ ರಿಂಗಿಗೆ ಇಳಿದಾಗ ಎದುರಾಳಿಯನ್ನು ಬೀಳಿಸಿ ಮತ್ತೆ ಹೊಡೆಯಲು ನುಗ್ಗಿದ. ರೆಫ್ರಿ ಎದೆಗೆ ಅಂಗೈ ಇಟ್ಟು ಅವನನ್ನು ಹಿಂದೆ ತಳ್ಳಿ ಮೂಲೆಗೆ ಕಳಿಸಿದ. ಬಿದ್ದವನಿಗಾಗಿ ಒಬ್ಬ ಮನುಷ್ಯ ಹಾಗೆ ಅಡ್ಡ ಬರುವುದನ್ನು ಜ್ಞಾನದೇವ ಅಲ್ಲಿಯವರೆಗೆ ಕಂಡಿರಲಿಲ್ಲ. ಬಾಕ್ಸಿಂಗ್ ಅವನಿಗೆ ಹಿಡಿಸಿದ್ದು ಆವತ್ತು.

ನಿಲೇಶ ಬಂದದ್ದು ಉಗಾರ ಬುದ್ರುಕದಿಂದ. ಅವನ ತಾಯಿ ಮಲಕವ್ವ ಕಬ್ಬಿನ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದಳು, ತಂದೆ ತೀರಿಕೊಂಡಿದ್ದ. ಹುಡುಗನ ಎಡಗೈ ಬಹಳ ಚುರುಕು. ಅದಕ್ಕಿಂತ ಹೆಚ್ಚಾಗಿ, ಅವನು ನೋಡಿ ಕಲಿಯುತ್ತಿದ್ದ. ಪರದೇಶದ ದೊಡ್ಡ ಪಂದ್ಯಗಳು ಅಲ್ಲಿಯ ರಾತ್ರಿ ನಡೆದರೆ ಇಲ್ಲಿ ಐತವಾರದ ಬೆಳಗು. ಗುರು ಶಿಷ್ಯ ಇಬ್ಬರೂ ಶ್ರೀಪಾಲನ ಅಂಗಡಿಯಲ್ಲಿ ಚುರಮುರಿ ತಿನ್ನುತ್ತ ಟೀವಿ ಮುಂದೆ ಕೂಡುತ್ತಿದ್ದರು. ಯಾರು ಗೆದ್ದರು ಎಂಬುದಕ್ಕಿಂತ ಯಾರ ಕಾಲು ಎಲ್ಲಿತ್ತು ಎಂಬುದೇ ಅವರ ಮಾತು. ಎರಡು ಸಾವಿರದ ಎಂಟರ ಒಲಿಂಪಿಕ್ಸಿನಲ್ಲಿ ಬಾಕ್ಸಿಂಗಿನಲ್ಲಿ ಭಾರತಕ್ಕೆ ಕಂಚು ಬಂದಾಗ ಶೆಡ್ಡು ಹುಡುಗರಿಂದ ತುಂಬಿತು. ಆ ಭರಾಟೆ ಒಂದು ವರ್ಷದಲ್ಲಿ ಇಳಿಯಿತು, ನಿಲೇಶ ಮಾತ್ರ ಉಳಿದ. ರಾಜ್ಯಮಟ್ಟದಲ್ಲಿ ಎರಡು ಪದಕ ತಂದ. ಪದಕದಿಂದ ನೌಕರಿಯಾದೀತೆಂದು ಕಾದರು, ಆಗಲಿಲ್ಲ. ಕೊನೆಗೆ ಅವನು ಕೊಲ್ಲಾಪುರದ ಒಂದು ಫೌಂಡ್ರಿಗೆ ಕೆಲಸಕ್ಕೆ ಹೋದ.

ಒಂದೂವರೆ ವರ್ಷದ ಮೇಲೆ ರಜೆಯಲ್ಲಿ ಬಂದವನು ನೆಟ್ಟಗೆ ಶೆಡ್ಡಿಗೆ ಬಂದ.

"ಸರ್, ಒಂದು ಹೊಸಾ ಆಟ ಕಲಿಯಾಕತ್ತೇನ್ರಿ. ಎಂಎಂಎ ಅಂತ. ಇದರಾಗ ನಿಮ್ಮ ಬಾಕ್ಸಿಂಗೂ ಐತಿ, ನಮ್ಮ ಕುಸ್ತೀನೂ ಐತಿ. ಹೋದ ತಿಂಗಳ ಗೆದ್ನಿ, ನೋಡ್ರಿ."

ಮೊಬೈಲಿನ ಸಣ್ಣ ಪರದೆಯ ಮೇಲೆ ಜ್ಞಾನದೇವ ತನ್ನ ಹುಡುಗನನ್ನು ಒಂದು ಜಾಳಿಗೆಯ ಪಂಜರದೊಳಗೆ ನೋಡಿದ. ಎಡಗೈ ಅದೇ, ಕಾಲಿನ ನಡೆ ಅದೇ. ಎದುರಾಳಿ ಬಿದ್ದ. ನಿಲೇಶ ಒಂದು ಗಳಿಗೆ ಹಿಂದೆ ಸರಿದ, ಹೊರಗಿನಿಂದ ಯಾರೋ ಮರಾಠಿಯಲ್ಲಿ ಚೀರಿದರು, ಅವನು ಮತ್ತೆ ಮುಂದೆ ಹೋಗಿ ಬಿದ್ದವನ ಎದೆಯ ಮೇಲೆ ಕುಳಿತು ಮುಖಕ್ಕೆ ಗುದ್ದತೊಡಗಿದ.

"ಒಳಗ ಇಡು ಅದನ್ನ," ಅಂದ ಜ್ಞಾನದೇವ.

"ಸರ್, ಇದರಾಗ ಹಂಗ ರೂಲ್ ಐತ್ರಿ."

"ಅದು ಆಟ ಅಲ್ಲ. ಅದನ್ನ ಆಡಾಂವ ನನ್ನ ಶೆಡ್ಡಿಗೆ ಬರೂದು ಬ್ಯಾಡ. ನನಗ ಫೋನೂ ಮಾಡಬ್ಯಾಡ."

ನಿಲೇಶ ಮೊಬೈಲನ್ನು ಕಿಸೆಗೆ ಹಾಕಿಕೊಂಡು ಹೋದ.

ಆದರೂ ಫೋನು ಮಾಡುವುದನ್ನು ಬಿಡಲಿಲ್ಲ. ದೊಡ್ಡ ಬಾಕ್ಸಿಂಗ್ ಪಂದ್ಯವಿದ್ದ ಐತವಾರ ಜ್ಞಾನದೇವನ ಫೋನು ಬಡಿದುಕೊಳ್ಳುತ್ತಿತ್ತು. ಅವನು ಎತ್ತುತ್ತಿರಲಿಲ್ಲ. ಹೊಸ ಹುಡುಗರು ಶೆಡ್ಡಿಗೆ ಬರುವುದು ಅಷ್ಟರಲ್ಲಿ ಪೂರ್ತಿ ನಿಂತಿತ್ತು. ಅವರ ಮೊಬೈಲಿನಲ್ಲೂ ಅದೇ ಪಂಜರದ ಆಟ. ಅದನ್ನು ನೋಡುವವರಿಗೆ ಬಾಕ್ಸಿಂಗು ಸಪ್ಪೆ, ಅವರು ಮತ್ತೆ ಈ ಕಡೆ ತಿರುಗಿ ನೋಡುವುದಿಲ್ಲ ಎಂದು ಅವನು ಶ್ರೀಪಾಲನ ಮುಂದೆ ಹೇಳಿಕೊಳ್ಳುತ್ತಿದ್ದ. ನಿಲೇಶನೂ ಆ ಗುಂಪಿನವನೇ ಎಂದು ತೀರ್ಮಾನಿಸಿಬಿಟ್ಟಿದ್ದ.

ಎರಡು ಸಾವಿರದ ಹದಿನೈದರ ಚಳಿಗಾಲದಲ್ಲಿ ಒಂದು ದಿನ ಪಾಳಿ ಮುಗಿಸಿ ಬಂದಾಗ ಸುಂದ್ರವ್ವ ಅಂದಳು:

"ನಿಲೇಶ ನನ್ನ ಫೋನಿಗೆ ಮಾಡಿದ್ದ್ರಿ. ಎಡಗಣ್ಣಾಗ ಕರೀ ನೊಣ ಹಾರಿಧಂಗ ಆಕ್ಕೈತಂತ, ನಡುನಡುವ ಮಿಂಚಿಧಂಗ ಆಕ್ಕೈತಂತ. ಬರೂ ಐತವಾರ ಅವಂದು ಪಂದ್ಯ ಐತಿ. ಆಡಲೋ ಬ್ಯಾಡೋ ಅಂತ ನಿಮ್ಮನ್ನ ಕೇಳಾಕ ಹೇಳ್ಯಾನ."

ಅದೇನೆಂದು ಜ್ಞಾನದೇವನಿಗೆ ಗೊತ್ತಿತ್ತು. ಸೈನ್ಯದ ಡಾಕ್ಟರು ಪ್ರತಿ ವರ್ಷ ಬಾಕ್ಸರುಗಳನ್ನು ಕೂಡಿಸಿ ಹೇಳುತ್ತಿದ್ದ ಮಾತು ಅದು. ಕಣ್ಣ ಮುಂದೆ ಕಪ್ಪು ಚುಕ್ಕೆ ಹಾರಿದರೆ, ಬೆಳಕು ಮಿಂಚಿದರೆ ಆಟ ನಿಲ್ಲಿಸಿ ಅದೇ ದಿನ ಬಂದು ತೋರಿಸಬೇಕು, ಒಳಗಿನ ಪೊರೆ ಹರಿಯುತ್ತಿರುತ್ತದೆ, ಇನ್ನೊಂದು ಏಟು ಬಿದ್ದರೆ ಕಣ್ಣು ಹೋಗುತ್ತದೆ.

"ಅಲ್ಲಿ ಅವನ ಹೊಸಾ ಗುರುಗಳು ಅದಾರಲ್ಲ," ಅಂದ. "ಅವರನ್ನ ಕೇಳಲಿ."

"ಹುಡುಗ ಅಂಜ್ಯಾನ್ರಿ."

"ನಾಳೆ ನೋಡೂಣು."

ಮರುದಿನ ಅವನು ಫೋನು ಕೈಗೆ ತೆಗೆದುಕೊಂಡ. ತಾನೇ ಮೊದಲು ಮಾತಾಡಿದರೆ ಆ ಆಟವನ್ನು ಒಪ್ಪಿಕೊಂಡಂತೆ ಆಗುತ್ತದೆ ಅನ್ನಿಸಿತು. ಇನ್ನೊಮ್ಮೆ ಅವನೇ ಮಾಡಲಿ, ಆಗ ಹೇಳುತ್ತೇನೆ ಎಂದು ಕೆಳಗಿಟ್ಟ. ಆ ವಾರ ಫೋನು ಬರಲಿಲ್ಲ.

ಪಂದ್ಯದ ಸುದ್ದಿ ಬಂದದ್ದು ಮಲಕವ್ವನಿಂದ. ನಿಲೇಶನಿಗೆ ಎಡಗಣ್ಣಿನ ಹತ್ತಿರ ಏಟು ಬಿದ್ದಿತ್ತು. ಮಿರಜಿನಲ್ಲಿ ಆಪರೇಶನ್ ಮಾಡಿದರು. ಕಣ್ಣು ಉಳಿಯಿತು, ನೋಟ ಉಳಿಯಲಿಲ್ಲ. ಮಿರಜ ಉಗಾರದಿಂದ ರೈಲಿನಲ್ಲಿ ಒಂದು ತಾಸಿನ ಹಾದಿಯೂ ಅಲ್ಲ. ನಿಲೇಶ ಮಾವಶಿ ಎಂದು ಕರೆಯುತ್ತಿದ್ದ ಸುಂದ್ರವ್ವ ಡಬ್ಬಿ ಕಟ್ಟಿಕೊಂಡು ಹೋಗಿಬಂದಳು. ಜ್ಞಾನದೇವ ಹೋಗಲಿಲ್ಲ. ವಸ್ತಾದನ ಸಿಟ್ಟು ಇನ್ನೂ ಇಳಿದಿಲ್ಲ ಎಂದು ಊರವರು ಅಂದುಕೊಂಡರು. ಸಿಟ್ಟು ಆ ಸುದ್ದಿ ಕೇಳಿದ ದಿನವೇ ಹೋಗಿತ್ತು. ಯಾವ ಮುಖ ಇಟ್ಟುಕೊಂಡು ಆ ಹುಡುಗನ ಮುಂದೆ ನಿಲ್ಲಲಿ ಎಂಬುದಷ್ಟೇ ಉಳಿದಿತ್ತು. ಅದನ್ನು ಅವನು ಹೆಂಡತಿಗೂ ಹೇಳಲಿಲ್ಲ. ಶೆಡ್ಡಿಗೆ ಬೀಗ ಹಾಕಿ ಕೀಲಿಯನ್ನು ವಿಹಾರದ ಹಿರಿಯರಿಗೆ ಒಪ್ಪಿಸಿದ.

ಎರಡು ಸಾವಿರದ ಹದಿನೇಳರ ಆಗಸ್ಟಿನಲ್ಲಿ ಅಮೆರಿಕದಲ್ಲಿ ಒಂದು ವಿಚಿತ್ರ ಪಂದ್ಯ ಏರ್ಪಟ್ಟಿತು. ಬಾಕ್ಸಿಂಗಿನ ದೊಡ್ಡ ಚಾಂಪಿಯನ್ನಿಗೂ ಎಂಎಂಎಯ ದೊಡ್ಡ ಚಾಂಪಿಯನ್ನಿಗೂ ಬಾಕ್ಸಿಂಗಿನ ನಿಯಮದಲ್ಲೇ ಹಣಾಹಣಿ. ಶ್ರೀಪಾಲನ ಮಗ ಕುಣಾಲ ಅಂಗಡಿಯ ದೊಡ್ಡ ಟೀವಿಗೆ ಕಂಪ್ಯೂಟರ್ ಜೋಡಿಸಿದ್ದ. ಐತವಾರ ಬೆಳಿಗ್ಗೆ ಇಪ್ಪತ್ತು ಮೂವತ್ತು ಹುಡುಗರು ಸೇರಿದ್ದರು, ಎಲ್ಲರೂ ಎಂಎಂಎಯವನ ಕಡೆ. ಜ್ಞಾನದೇವನೂ ಹೋದ. ಬಾಕ್ಸರ್ ಗೆದ್ದಾಗ ಈ ಹುಡುಗರ ಮುಖ ನೋಡಬೇಕು ಎಂಬುದೇ ಅವನ ಆಸೆಯಾಗಿತ್ತು.

ಮೊದಲ ರೌಂಡುಗಳಲ್ಲಿ ಎಂಎಂಎಯವನ ಕೈಯೇ ಮೇಲಾಯಿತು. ಹುಡುಗರು ಕೇಕೆ ಹಾಕಿದರು. ಜ್ಞಾನದೇವನ ಪಕ್ಕದಲ್ಲಿದ್ದ ತರುಣನೊಬ್ಬ ಮಾತ್ರ ಸುಮ್ಮನಿದ್ದ. ಕೊಗನೊಳ್ಳಿಯ ವಿಕ್ರಾಂತ ಅವನು, ಕಾರ್ಖಾನೆಯ ಕೆಲಸಕ್ಕೆ ಹೊಸದಾಗಿ ಬಂದವನು.

"ಸುಮ್ಕಿರ್ರಿ," ಅಂದ ಗೆಳೆಯರಿಗೆ. "ಬಾಕ್ಸರ್ ಬೇಕಂತ ಬಿಟ್ಟಕೊಟ್ಟಾನ. ಇವನ ದಮ್ಮು ತಗಿಯಾಕತ್ತಾನ. ನಾಕನೇ ರೌಂಡಿನಿಂದ ನೋಡ್ರಿ, ಒಂದೊಂದ ಹೆಜ್ಜಿ ಮುಂದ ಬರತಾನ."

ಹಾಗೇ ಆಯಿತು. ಹತ್ತನೆಯ ರೌಂಡಿನಲ್ಲಿ ಎಂಎಂಎಯವನು ನಿಂತಲ್ಲೇ ತೂರಾಡತೊಡಗಿದಾಗ ರೆಫ್ರಿ ನಡುವೆ ಬಂದು ನಿಲ್ಲಿಸಿದ. ಜ್ಞಾನದೇವ ಹುಡುಗರ ಮುಖ ನೋಡುವುದನ್ನು ಮರೆತಿದ್ದ.

"ನೀ ಸೋತಾಂವನ ಕಡೆ ಇದ್ದಿ ಅಲ್ಲೇನು?" ಎಂದು ವಿಕ್ರಾಂತನನ್ನು ಕೇಳಿದ.

"ಹೌದ್ರಿ. ಅದಕ್ಕೇನ್ರಿ, ಬಾಕ್ಸಿಂಗ್ ಬಿಡಾಕ ಬರತೈತೇನ್ರಿ? ನಾವು ಐತವಾರಕ್ಕೊಮ್ಮೆ ಕುಂತು ನೋಡತೀವ್ರಿ."

"ನಾವು ಅಂದ್ರ?"

"ನಿಪ್ಪಾಣಿ ಕ್ಲಾಸಿನಾವ್ರು. ನಮ್ಮ ನಿಲೇಶ ಸರ್ ಕಣ್ಣಿಗೆ ಪೆಟ್ಟಾದ ಮ್ಯಾಲ ಸುರು ಮಾಡಿದ ಎಂಎಂಎ ಕ್ಲಾಸ್ರಿ ಅದು, ಮೊದಲಿನ ಆರು ತಿಂಗಳು ಬರೇ ಬಾಕ್ಸಿಂಗ್ ಕಲಸ್ತಾರ್ರಿ. ಬಾಕ್ಸಿಂಗ್ ನೋಡಲಾರದಾಂವಗ ಎಂಎಂಎ ತಿಳಿಯಾಂಗಿಲ್ಲ ಅಂತಾರ. ಅವರಿಗೆ ಈ ಉಗಾರದಾಗ ಯಾರೋ ಮಿಲ್ಟ್ರಿಯವರು ಕಲಿಸಿದ್ರಂತ. ಅದಾರೋ ಇಲ್ಲೋ ಈಗ."

ಶ್ರೀಪಾಲ ಗೆಳೆಯನ ಮುಖ ನೋಡಿದ. ಜ್ಞಾನದೇವ ಎದ್ದು ಹೊರಗೆ ಬಂದ.

ಮರುವಾರ ಚಿಕ್ಕೋಡಿಗೆ ಹೋಗಿ ಬಸ್ಸು ಬದಲಿಸಿ ನಿಪ್ಪಾಣಿ ಮುಟ್ಟಿದ. ಒಂದು ಹಳೆ ತಂಬಾಕಿನ ವಖಾರಿಯಲ್ಲಿ ಕ್ಲಾಸು. ಗೋಡೆಗಳಿಗೆ ಇನ್ನೂ ತಂಬಾಕಿನ ಘಾಟು ಇತ್ತು. ನಿಲೇಶ ಹುಡುಗರನ್ನು ಸಾಲಾಗಿ ನಿಲ್ಲಿಸಿ ಎಡಗಾಲು ಎಲ್ಲಿಡಬೇಕೆಂದು ತೋರಿಸುತ್ತಿದ್ದ. ಬಾಗಿಲಲ್ಲಿ ಯಾರೋ ನಿಂತದ್ದು ತಿಳಿದು, ನೋಡಲು ಮುಖವನ್ನು ಪೂರ್ತಿ ಎಡಕ್ಕೆ ಹೊರಳಿಸಿದ.

"ಜೈಭೀಮ್ ಸರ್. ಬರ್ರಿ, ಒಳಗ ಬರ್ರಿ."

ಹುಡುಗರನ್ನು ಓಡಲು ಕಳಿಸಿ ಚಹಾ ತರಿಸಿದ. ಕಾರ್ಖಾನೆ, ಮಳೆ, ಅವನ ತಾಯಿಯ ಮೊಣಕಾಲು, ಎಲ್ಲ ಮಾತಾಡಿದ ಮೇಲೆ ಜ್ಞಾನದೇವ ಬಂದ ಕಾರಣಕ್ಕೆ ಬಂದ.

"ನೀ ಕಣ್ಣಿನ ಸಲುವಾಗಿ ಫೋನ್ ಮಾಡಿದ್ದೀ ನೋಡು, ಅದನ್ನ ನಿಮ್ಮ ಮಾವಶಿ ನನಗ ಆವತ್ತ ಹೇಳಿದ್ಳು. ಅದೇನಂತ ನನಗ ಗೊತ್ತಿತ್ತು. ಆಡಬ್ಯಾಡ ಅಂತ ಒಂದು ಮಾತು ಹೇಳಬೇಕಾಗಿತ್ತು. ಹೇಳಲಿಲ್ಲ."

ನಿಲೇಶ ಚಹಾದ ಲೋಟ ಕೆಳಗಿಟ್ಟ.

"ಮಾವಶಿ ಹೇಳೂದ ಮರತಿರಬೇಕು ಅಂತ ತಿಳಕೊಂಡಿದ್ನಿರಿ," ಅಂದ. "ಹಂಗ ತಿಳಕೊಂಡದ್ದ ಚಲೋ ಇತ್ತು."

ಆಗ ಜ್ಞಾನದೇವ, ಜೀವಮಾನದಲ್ಲಿ ಮೊದಲ ಸಲ, ಅಪ್ಪನ ಗಾಡಿಯ ಸಂಗತಿ ಹೇಳಿದ. ತಪ್ಪಿಗೆ ಸಬೂಬೆಂದಲ್ಲ, ಆ ಮೊಬೈಲಿನಲ್ಲಿ ತನಗೆ ಕಂಡದ್ದೇನು ಎಂದು ತಿಳಿಯಲಿ ಎಂದಷ್ಟೇ. ನಿಲೇಶ ತಲೆ ಬಗ್ಗಿಸಿ ಕೇಳಿದ.

"ಇದನ್ನ ಆವತ್ತ ಹೇಳಬೇಕಾಗಿತ್ತಲ್ರಿ ಸರ್."

"ಹೇಳಿದ್ರ ನೀ ಅದನ್ನ ಬಿಡ್ತಿದ್ದೇನು?"

"ಬಿಡತಿರಲಿಲ್ಲೇನೋ. ಆದ್ರ ನನ್ನ ಮ್ಯಾಲ ಅಲ್ಲ ನಿಮ್ಮ ಸಿಟ್ಟು ಅಂತ ತಿಳೀತಿತ್ತು." ನೆಲದ ಮೇಲೆ ಎರಡು ಸಲ ತಟ್ಟಿ ತೋರಿಸಿ ಅಂದ: "ಇದರಾಗೂ ನಿಲ್ಲಸೂ ದಾರಿ ಐತ್ರಿ. ಕೆಳಗ ಬಿದ್ದಾಂವ ಕೈಲೆ ಎರಡು ಸಲ ತಟ್ಟಿದ್ರ ಸಾಕು, ಮ್ಯಾಲಿನಾಂವ ಬಿಡಬೇಕು. ಸಾಕು ಅನ್ನೂ ಹಕ್ಕು ಬಿದ್ದಾಂವಂದ. ನೀವು ಒಂದ ದಿನ ಪೂರ್ತಿ ನೋಡಿದ್ರ ಇದು ತಿಳೀತಿತ್ತು."

ಜ್ಞಾನದೇವ ಹೂಂ ಅಂದ. ಓಡಲು ಹೋದ ಹುಡುಗರು ತಿರುಗಿ ಬಂದಾಗ ನಿಲೇಶ ಅವರಿಗೆ "ಇವರ ನನಗ ಕಲಿಸಿದವರು" ಎಂದು ಹೇಳಿದ. ವಿಕ್ರಾಂತ ಆವತ್ತು ಬಂದಿರಲಿಲ್ಲ. ಹೊರಡುವ ಮುಂಚೆ ಜ್ಞಾನದೇವ, ಉಗಾರದ ಶೆಡ್ಡು ಖಾಲಿ ಇದೆ, ಅಲ್ಲಿಯೂ ವಾರಕ್ಕೊಂದು ದಿನ ಬಂದು ಕಲಿಸು, ಏನು ಬೇಕಾದರೂ ಕಲಿಸು ಎಂದು ಕೇಳಿದ.

"ನೋಡೂಣ್ರಿ ಸರ್," ಅಂದ ನಿಲೇಶ.

ಅವನು ಬರಲಿಲ್ಲ. ಜ್ಞಾನದೇವ ಎರಡನೆಯ ಸಲ ಕೇಳಲೂ ಇಲ್ಲ. ಮರುವರ್ಷ ವಿಹಾರದವರು ಆ ಶೆಡ್ಡಿನಲ್ಲಿ ಅಡಿಗೆಯ ಭಾಂಡೆ, ಕುರ್ಚಿ ಇಡತೊಡಗಿದರು. ದೊಡ್ಡ ಪಂದ್ಯವಿದ್ದ ಐತವಾರ ಈಗ ಫೋನು ಮಾಡುವವನು ಜ್ಞಾನದೇವ. ನಿಲೇಶ ಪ್ರತಿ ಸಲ ಎತ್ತುತ್ತಾನೆ, ಮರ್ಯಾದೆಯಿಂದ ಮಾತಾಡುತ್ತಾನೆ. ಯಾರ ಕಾಲು ಎಲ್ಲಿತ್ತು, ಯಾರು ಯಾವ ರೌಂಡಿನಲ್ಲಿ ದಣಿದರು ಎಂದು ಇಬ್ಬರೂ ಹಿಂದಿನಂತೆಯೇ ಲೆಕ್ಕ ಹಾಕುತ್ತಾರೆ. ಆದರೆ ಪಂದ್ಯದ ಮಾತು ಮುಗಿಯುತ್ತಲೇ ನಿಲೇಶ, "ಹುಡುಗ್ರು ಬಂದಾರ್ರಿ, ಇಡಲೇನ್ರಿ?" ಎಂದು ಕೇಳುತ್ತಾನೆ. ಇಡು ಅನ್ನುತ್ತಾನೆ ಜ್ಞಾನದೇವ. ಇನ್ನೂ ಒಂದೆರಡು ಮಾತು ಅವನ ಬಾಯಲ್ಲಿ ಇರುತ್ತವೆ, ಅವನ್ನು ಸುಂದ್ರವ್ವನ ಮುಂದೆ ಆಡುತ್ತಾನೆ.